ಹುಲ್ಲಿನ ಜೊತೆ ಹೋಗುವ ಮಣ್ಣು: ಚರಂಡಿ ಕೆಸರಿನ ಕಾಂಪೋಸ್ಟ್ ಬಳಸಿದ ಎರಡು ಹಂಗಾಮು

ಲಾನ್ ಹುಲ್ಲನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುವ ನಮ್ಮಂಥವರು ಹುಲ್ಲನ್ನಷ್ಟೇ ಮಾರುತ್ತೇವೆ ಎಂದು ಗಿರಾಕಿಗಳು ತಿಳಿದಿರುತ್ತಾರೆ. ನಿಜವೆಂದರೆ ಪ್ರತಿ ಕಟಾವಿಗೂ ಹೊಲದ ಮೇಲ್ಮಣ್ಣಿನ ಒಂದು ಪದರವನ್ನು ಸುಲಿದು ಹುಲ್ಲಿನ ಜೊತೆಗೇ ಟೆಂಪೋಕ್ಕೆ ಏರಿಸುತ್ತೇವೆ. ಒಂದು ಗುಂಟೆ ಎಂದರೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಬೇರಿಗೆ ಅಂಟಿಕೊಂಡು ಒಂದೂವರೆ ಸೆಂಟಿಮೀಟರ್ ದಪ್ಪದ ಮಣ್ಣು ಹೋಯಿತೆಂದರೂ ಗುಂಟೆಗೆ ಒಂದೂವರೆ ಘನ ಮೀಟರ್, ತೂಕದಲ್ಲಿ ಎರಡು ಟನ್ನಿಗೆ ಸ್ವಲ್ಪ ಕಡಿಮೆ ಮಣ್ಣು ಹೊಲ ಬಿಟ್ಟು ಹೋಗುತ್ತದೆ. ಧಾರವಾಡದಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಬದಿಗಿರುವ ನನ್ನ ಇಪ್ಪತ್ತು ಗುಂಟೆ ಮಸಾರಿ (ಕೆಂಪು ಮಣ್ಣಿನ) ಹೊಲ ಒಂಬತ್ತು ವರ್ಷಗಳ ಈ ದಂಧೆಯಲ್ಲಿ ಸುತ್ತಲಿನ ಬದುವಿಗಿಂತ ಗೇಣಿಗೆ ಹತ್ತಿರ ಕೆಳಗಿಳಿದಿದೆ. ದೊಡ್ಡ ಮಳೆಯಾದರೆ ಪಕ್ಕದ ಹೊಲಗಳ ನೀರೆಲ್ಲ ನನ್ನಲ್ಲಿಗೇ ಬಂದು ನಿಲ್ಲುತ್ತದೆ.

ಈ ತಗ್ಗನ್ನು ತುಂಬುವುದೇ ನಮ್ಮ ಕೆಲಸದ ಮುಖ್ಯ ಖರ್ಚು. ಇಷ್ಟು ವರ್ಷ ಅದಕ್ಕೆ ತಿಪ್ಪೆಗೊಬ್ಬರ ಹಾಕುತ್ತಿದ್ದೆ. ದನ ಕಟ್ಟುವವರು ಕಡಿಮೆಯಾದಂತೆ ತಿಪ್ಪೆಗೊಬ್ಬರ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತಿದೆ. ಜೊತೆಗೆ ಅರೆಕೊಳೆತ ತಿಪ್ಪೆಯ ಒಂದೊಂದು ಟ್ರೇಲಿಯೂ ಕಾಂಗ್ರೆಸ್ ಕಸದ ಬೀಜವನ್ನೂ ಜೇಕಿನ ಗಡ್ಡೆಯನ್ನೂ ಹೊತ್ತು ತರುತ್ತದೆ. ಜೇಕು ಎದ್ದ ಹುಲ್ಲುಹಾಸನ್ನು ಅರ್ಧ ಬೆಲೆಗೂ ಯಾರೂ ಕೇಳುವುದಿಲ್ಲ. ಆದ್ದರಿಂದ ಕಳೆದ ವರ್ಷದ ಮೇ ತಿಂಗಳಲ್ಲಿ, ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ತಳ ಸೇರುವ ಕೆಸರಿನಿಂದ ತಯಾರಿಸಿದ ಕಾಂಪೋಸ್ಟನ್ನು ಮೊದಲ ಸಲ ತರಿಸಿದೆ. ನಮ್ಮಲ್ಲಿ ಕೆಲಸ ಮಾಡುವವರು ಅದಕ್ಕೆ ‘ರಾಡಿ ಗೊಬ್ಬರ’ ಎಂದು ಹೆಸರಿಟ್ಟಿದ್ದಾರೆ. ಚೀಲದ ಮೇಲೆ ಅಚ್ಚಾಗಿರುವ ಹಸಿರು ಬಣ್ಣದ ಹೆಸರಿಗಿಂತ ಅದೇ ಹೆಚ್ಚು ಪ್ರಾಮಾಣಿಕವಾಗಿದೆ. ಪೂರೈಕೆದಾರರು ಯಾರೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ಲೋಡಿನ ಮಟ್ಟಿಗೆ ಹೆಸರು ಹೇಳಿದರೆ ಅವರಿಗೆ ಸಂತೋಷವಾದೀತು, ಎರಡನೆಯ ಲೋಡಿನ ಮಟ್ಟಿಗೆ ಹೇಳಿದರೆ ಜಗಳವಾದೀತು, ಮತ್ತು ನಾನು ಇನ್ನೂ ಅವರಿಂದಲೇ ಕೊಳ್ಳುತ್ತಿದ್ದೇನೆ.

ಕೊಳ್ಳುವ ಮೊದಲು ಅವರ ಅಂಗಳಕ್ಕೆ ಹೋಗಿ ನೋಡಿ ಬಂದಿದ್ದೆ. ಈ ಗೊಬ್ಬರ ಕೊಳ್ಳಬೇಕೆನ್ನುವವರು ಆ ಕೆಲಸವನ್ನು ಮೊದಲು ಮಾಡಬೇಕು. ಘಟಕದಿಂದ ಬರುವ ಕೆಸರು ಯಂತ್ರದಲ್ಲಿ ಹಿಂಡಿ ಬಂದಿದ್ದರೂ ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುತ್ತದೆ. ನೋಡಲು ಕರ್ರಗಿನ ಗಟ್ಟಿ ಸಗಣಿಯಂತೆ ಕಾಣುತ್ತದೆ. ಅದರಲ್ಲಿ ಸಾರಜನಕ ಹೆಚ್ಚು, ಇಂಗಾಲ ಕಡಿಮೆ, ಗಾಳಿಯಾಡಲು ಸಂದಿಯೇ ಇಲ್ಲ. ಹಾಗೆಯೇ ಬಿಟ್ಟರೆ ಅದು ಕೊಳೆಯುವುದಿಲ್ಲ, ನಾರುತ್ತದೆ. ಆದ್ದರಿಂದ ಕಟ್ಟಿಗೆ ಹೊಟ್ಟು, ಶೇಂಗಾ ಸಿಪ್ಪೆ, ಕತ್ತರಿಸಿದ ಕಬ್ಬಿನ ರವದಿಯಂಥ ಒಣ ವಸ್ತುವನ್ನು ಬೆರೆಸಿ, ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬರುವಂತೆ ಮಾಡಿ, ಉದ್ದನೆಯ ಬಣವೆಯಂತೆ ಒಟ್ಟುತ್ತಾರೆ. ಒಳಗಿನ ಸೂಕ್ಷ್ಮಜೀವಿಗಳು ಉಂಡು ಬೆವರಿದಂತೆ ಬಣವೆ ತಾನಾಗಿಯೇ ಕಾಯುತ್ತದೆ. ಈ ಕಾವೇ ಇಡೀ ವ್ಯವಹಾರದ ಜೀವಾಳ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1993ರಲ್ಲಿ ತಂದ ನಿಯಮದ ಪ್ರಕಾರ, ಬಯಲಿನಲ್ಲಿ ಒಟ್ಟಿದ ಬಣವೆಯು 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಕನಿಷ್ಠ 15 ದಿನ ಇರಬೇಕು, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಅದನ್ನು ತಿರುವಿ ಹಾಕಬೇಕು. ಹಾಗೆ ಮಾಡಿದರೆ ಮಾತ್ರ ಹೊರಮೈಯ ತಣ್ಣನೆಯ ಭಾಗವೂ ಒಳಗೆ ಹೋಗಿ ಕಾಯ್ದು, ರೋಗಾಣುಗಳೂ ಜಂತುಹುಳುವಿನ ತತ್ತಿಗಳೂ ಸಾಯುತ್ತವೆ. ನಾನು ಹೋದ ದಿನ ಬಣವೆಯ ಹೊಟ್ಟೆಗೆ ಚುಚ್ಚಿದ ಉದ್ದ ಕಡ್ಡಿಯ ಉಷ್ಣಮಾಪಕ 61 ತೋರಿಸುತ್ತಿತ್ತು. ತಿರುವಿದ ದಿನಾಂಕಗಳನ್ನು ಬರೆದಿಟ್ಟ ವಹಿಯೂ ಇತ್ತು. ಅಷ್ಟರ ಮೇಲೆ ಮುಂಗಡ ಕೊಟ್ಟು ಬಂದೆ.

ಹುಲ್ಲಿಗೆ ಇದನ್ನು ಬಳಸುವುದು ಯಾರದೋ ತಲೆಗೆ ನಿನ್ನೆ ಮೊನ್ನೆ ಹೊಳೆದ ಉಪಾಯವಲ್ಲ. ಅಮೆರಿಕದ ಮಿಲ್ವಾಕಿ ನಗರವು ತನ್ನ ಚರಂಡಿ ಕೆಸರನ್ನು ಒಣಗಿಸಿ ಕಾಳು ಮಾಡಿ ‘ಮಿಲೋರ್ಗನೈಟ್’ ಎಂಬ ಹೆಸರಿನಲ್ಲಿ 1926ರಿಂದ ಮಾರುತ್ತಿದೆ, ಗಾಲ್ಫ್ ಮೈದಾನಗಳೇ ಅದರ ಹಳೆಯ ಗಿರಾಕಿಗಳು. ಅದು ಕಾಯಿಸಿ ಒಣಗಿಸಿದ್ದು, ಕಾಂಪೋಸ್ಟ್ ಅಲ್ಲ. ಕೆಸರನ್ನು ಕಟ್ಟಿಗೆ ಚೂರಿನೊಂದಿಗೆ ಒಟ್ಟಿ, ತಳದಲ್ಲಿ ಕೊಳವೆ ಇಟ್ಟು, ಗಾಳಿ ಹಾಯಿಸಿ ಕೊಳೆಸುವ ವಿಧಾನವನ್ನು 1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರ ರೂಪಿಸಿತು. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೂ ಚರಂಡಿಗೂ ಬೇಸಾಯಕ್ಕೂ ಇರುವ ನಂಟು ಇದಕ್ಕಿಂತ ಒರಟಾದದ್ದು. ಮದಿಹಾಳ, ಗಬ್ಬೂರುಗಳ ಕಡೆ ನಾಲೆಯ ಕೊಳಚೆ ನೀರನ್ನೇ ಪಂಪಿನಿಂದ ಎತ್ತಿ ಕಾಯಿಪಲ್ಯೆಗೆ ಹಾಯಿಸಿದ ರೈತರಿದ್ದಾರೆ. ಹೊರದೇಶದ ಸಂಶೋಧಕರು ಬಂದು ಅಭ್ಯಾಸ ಮಾಡಿಕೊಂಡು ಹೋಗುವಷ್ಟು ಅದು ಹೆಸರಾಗಿತ್ತು. ಅದನ್ನು ತಿಂದೇ ಬೆಳೆದ ಊರಿನವರಾದ ನಾವು ಕಾಯಿಸಿ ಕೊಳೆಸಿ ಜರಡಿ ಹಿಡಿದ ಗೊಬ್ಬರವನ್ನು ತಿನ್ನದ ಹುಲ್ಲಿಗೆ ಹಾಕುವಾಗ ಮೂಗು ಮುಚ್ಚಿಕೊಳ್ಳುವುದು ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ.

ಮೊದಲ ಲೋಡು ಬಿಡಿಯಾಗಿ ಟಿಪ್ಪರ್‌ನಲ್ಲಿ ಬಂತು. ಬಣ್ಣ ಕಾಫಿ ಪುಡಿಯಂತೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರುವಷ್ಟು ಹಸಿ. ವಾಸನೆ ಮೊದಲ ಮಳೆ ಬಿದ್ದ ಮಸಾರಿ ನೆಲದ್ದು. ಅಲ್ಲಲ್ಲಿ ಕಿವಿ ಸ್ವಚ್ಛಮಾಡುವ ಪ್ಲಾಸ್ಟಿಕ್ ಕಡ್ಡಿಗಳು, ಶಾಂಪೂ ಪೊಟ್ಟಣದ ಚೂರುಗಳು, ಮತ್ತು ಕಡ್ಡಿಗೆ ಸುತ್ತಿಕೊಂಡ ಕೂದಲು ಸಿಕ್ಕವು. ಊರಿನ ಮೋರಿಗೆ ಏನೇನು ಬೀಳುತ್ತದೆಂಬುದರ ಪಟ್ಟಿ ಅದು. ನಮ್ಮಲ್ಲಿ ನಗರ ಕಾಂಪೋಸ್ಟ್ ಮಾರಬೇಕಾದರೆ ಅದರಲ್ಲಿ ನೂರಕ್ಕೆ ಕನಿಷ್ಠ 90 ಭಾಗ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕೆಂಬ ನಿಯಮವಿದೆ. ಇದು ಇಳಿಯಿತು, ಆದರೆ ಕಿವಿಕಡ್ಡಿ ನೆಟ್ಟಗೆ ನಿಂತರೆ ಯಾವ ಜರಡಿಯಲ್ಲೂ ಇಳಿಯುತ್ತದೆ ಎಂಬುದನ್ನು ನಿಯಮ ಮಾಡಿದವರು ಯೋಚಿಸಿರಲಿಕ್ಕಿಲ್ಲ.

ಹತ್ತು ಗುಂಟೆಗೆ ಈ ಕಾಂಪೋಸ್ಟನ್ನೂ ಉಳಿದ ಹತ್ತು ಗುಂಟೆಗೆ ಎಂದಿನ ತಿಪ್ಪೆಗೊಬ್ಬರವನ್ನೂ ಹಾಕಿದೆ. ಒಂದು ಇಂಚು ದಪ್ಪ ಹರಡಿ ನಾಲ್ಕೈದು ಇಂಚು ಆಳಕ್ಕೆ ರೋಟಾವೇಟರ್ ಹೊಡೆಸಿದಾಗ ಗುಂಟೆಗೆ ಒಂದೂವರೆ ಟನ್ ಬಿತ್ತು. ಎಕರೆಗೆ ಲೆಕ್ಕ ಹಾಕಿದರೆ 60 ಟನ್. ಜೋಳ, ಶೇಂಗಾ ಬೆಳೆಯುವವರು ಕೇಳಿದರೆ ಹುಚ್ಚು ಎಂದಾರು. ಆದರೆ ನಾವಿಲ್ಲಿ ಬೆಳೆಗೆ ಗೊಬ್ಬರ ಹಾಕುತ್ತಿಲ್ಲ, ಹೋದ ಮಣ್ಣಿಗೆ ಬದಲು ಮಣ್ಣು ಹಾಕುತ್ತಿದ್ದೇವೆ. ಈ ಕಾಂಪೋಸ್ಟನ್ನು ಯೂರಿಯಾದ ಜೊತೆ ಹೋಲಿಸಿ ‘ಇದರಲ್ಲಿ ಸತ್ವವೇ ಇಲ್ಲ’ ಎಂದು ತೀರ್ಪು ಕೊಡುವವರನ್ನು ನಾನು ಬಹಳ ಕಂಡಿದ್ದೇನೆ. ಅವರು ತಕ್ಕಡಿಯನ್ನೇ ತಪ್ಪಾಗಿ ಹಿಡಿದಿದ್ದಾರೆ. ನಾನು ಪರೀಕ್ಷೆ ಮಾಡಿಸಿದ ಮಾದರಿಯಲ್ಲಿ ಸಾರಜನಕ ಶೇಕಡಾ ಒಂದೂವರೆಯಷ್ಟಿತ್ತು. ಅದರಲ್ಲಿಯೂ ಮೊದಲ ವರ್ಷ ಹುಲ್ಲಿಗೆ ದಕ್ಕುವುದು ಹತ್ತನೆಯ ಒಂದು ಪಾಲಿನಷ್ಟು ಮಾತ್ರ, ಉಳಿದದ್ದು ಮಣ್ಣಿನಲ್ಲಿ ಕೂತು ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಗುಂಟೆಗೆ ಹಾಕಿದ ಒಂದೂವರೆ ಟನ್ನಿನಲ್ಲಿ ಆ ವರ್ಷ ದಕ್ಕುವ ಸಾರಜನಕ ಎರಡು ಕಿಲೋ ಚಿಲ್ಲರೆ, ಅಂದರೆ ಸುಮಾರು ಐದು ಕಿಲೋ ಯೂರಿಯಾಕ್ಕೆ ಸಮ. ನಿಧಾನವಾಗಿ ದಕ್ಕುವುದರಿಂದ ಹುಲ್ಲು ಒಮ್ಮೆಲೇ ಉಬ್ಬಿ ಮೆತ್ತಗಾಗುವುದಿಲ್ಲ.

ರಂಜಕ ಇದರಲ್ಲಿ ಧಾರಾಳವಾಗಿದೆ, ಆದ್ದರಿಂದ ಡಿಎಪಿ ಚೀಲದ ಖರ್ಚು ಪೂರ್ತಿ ಉಳಿಯಿತು. ಪೊಟ್ಯಾಷ್ ಮಾತ್ರ ಕಡಿಮೆ. ಅದು ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಘಟಕದಿಂದ ಹೊರಹೋಗುವ ನೀರಿನ ಜೊತೆಗೇ ಹೋಗಿಬಿಡುತ್ತದೆ, ಕೆಸರಿನಲ್ಲಿ ಉಳಿಯುವುದಿಲ್ಲ. ಹುಲ್ಲಿಗೆ ತುಳಿತ ತಡೆಯುವ ಶಕ್ತಿಯೂ ಬೇಸಿಗೆ ತಾಳುವ ಶಕ್ತಿಯೂ ಬೇಕಾದರೆ ಪೊಟ್ಯಾಷನ್ನು ಬೇರೆಯಾಗಿಯೇ ಕೊಡಬೇಕು. ಚೀಲದ ಮೇಲೆ ಬರೆದಿರುವ ‘ಸಂಪೂರ್ಣ ಪೋಷಣೆ’ ಎಂಬ ಮಾತನ್ನು ಈ ಕಾರಣಕ್ಕೆ ನಂಬಬಾರದು.

ಜೂನ್ ಎರಡನೆಯ ವಾರದಲ್ಲಿ ಬರ್ಮುಡಾ ಹುಲ್ಲಿನ ತುಂಡುಗಳನ್ನು ಎರಡೂ ಕಡೆ ಒಂದೇ ದಿನ ಹಚ್ಚಿದೆವು. ಮೊದಲ ಮೂರು ವಾರ ಯಾವ ವ್ಯತ್ಯಾಸವೂ ಕಾಣಲಿಲ್ಲ, ನನಗೆ ಒಳಗೊಳಗೇ ಪಶ್ಚಾತ್ತಾಪವೂ ಆಯಿತು. ಆಗಸ್ಟ್ ಕೊನೆಯ ಹೊತ್ತಿಗೆ ಕಾಂಪೋಸ್ಟ್ ಬಿದ್ದ ಕಡೆ ಮಣ್ಣು ಕಾಣದಂತೆ ಮುಚ್ಚಿತ್ತು. ತಿಪ್ಪೆಗೊಬ್ಬರದ ಕಡೆ ಅಲ್ಲಲ್ಲಿ ತೂತುಗಳಿದ್ದವು, ಕಸವೂ ಮೂರು ಪಟ್ಟು ಹೆಚ್ಚಿತ್ತು. ಹೆಣ್ಣಾಳುಗಳ ದಿನಗೂಲಿಯ ಲೆಕ್ಕ ಬರೆದಿಟ್ಟ ಪುಸ್ತಕ ನೋಡಿದರೆ ಗೊಬ್ಬರದ ಬೆಲೆಯ ಅರ್ಧದಷ್ಟು ಹಣ ಕಸ ತೆಗೆಸುವ ಕೂಲಿಯಲ್ಲೇ ಉಳಿದಿದೆ. ನಿಜವಾದ ಪರೀಕ್ಷೆ ಇರುವುದು ಎತ್ತುವಾಗ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತುಂಡನ್ನು ಕೊಯ್ದು, ಒಂದು ಅಂಚು ಹಿಡಿದು ಜೋತಾಡಿಸಿದಾಗ ಅದು ಹರಿಯದೆ ನಿಲ್ಲಬೇಕು. ಹದಿಮೂರನೆಯ ವಾರದಲ್ಲಿ ಕಾಂಪೋಸ್ಟಿನ ಕಡೆಯ ತುಂಡು ಒದ್ದೆ ಗೋಣಿಯಂತೆ ಜೋತುಬಿದ್ದು ನಿಂತಿತು. ಬೆನ್ನು ತಿರುಗಿಸಿ ನೋಡಿದರೆ ಬಿಳಿಯ ಬೇರುಗಳು ಗೊಬ್ಬರದ ಕಣಗಳನ್ನು ಒಂದೊಂದಾಗಿ ಹೆಣೆದುಕೊಂಡಿದ್ದವು. ತಿಪ್ಪೆಗೊಬ್ಬರದ ಕಡೆಯದು ಆ ಹದಕ್ಕೆ ಬರಲು ಇನ್ನೂ ನಾಲ್ಕು ವಾರ ಹಿಡಿಯಿತು. ಹದವಾಗಿ ಆರಿದ ಹೊತ್ತಿನಲ್ಲಿ ತೂಗಿದಾಗ ಹಳೆಯ ಪದ್ಧತಿಯ ತುಂಡು ನಾಲ್ಕು ಕಿಲೋ ತೂಗಿದರೆ ಇದು ಮೂರು ಕಿಲೋ ಮೇಲೆ ಸ್ವಲ್ಪ ತೂಗಿತು. ಟಾಟಾ ಏಸ್ ಗಾಡಿಗೆ ಒಂದು ಸಲಕ್ಕೆ ನಲವತ್ತು ತುಂಡು ಹೆಚ್ಚು ಹೇರಬಹುದೆಂದರೆ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ. ತುಂಡು ಹೊರುವ ಅಕ್ಕ ಒಬ್ಬರು ಸಲಿಕೆ ಊರಿ ನಿಂತು ಹೇಳಿದ ಮಾತು ಯಾವ ಪ್ರಯೋಗಾಲಯದ ವರದಿಗಿಂತ ನನಗೆ ಹೆಚ್ಚೆನಿಸಿತು: “ಅಣ್ಣಾರ, ಈ ಸಲ ಸೊಂಟಾ ನೋಯವಲ್ದರೀ.”

ನವಲಗುಂದದ ಕಡೆ ಎರೆ (ಕಪ್ಪು ಮಣ್ಣಿನ) ಹೊಲವಿರುವ ಗೆಳೆಯರೊಬ್ಬರು ಇದೇ ಲೋಡಿನಲ್ಲಿ ಒಂದಿಷ್ಟನ್ನು ಒಯ್ದು ನಾಲ್ಕು ಗುಂಟೆಗೆ ಹಾಕಿದರು. ಎರೆ ಮಣ್ಣಿನಲ್ಲಿ ಹುಲ್ಲುಹಾಸು ಬೆಳೆಯುವುದು ಮೊದಲಿನಿಂದಲೂ ಕಷ್ಟದ ಕೆಲಸ. ಹಸಿ ಇದ್ದಾಗ ಸಲಿಕೆಗೆ ಅಂಟುತ್ತದೆ, ಒಣಗಿದರೆ ಬಿರಿದು ತುಂಡು ತುಂಡಾಗುತ್ತದೆ, ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಕಬ್ಬಿಣ ದಕ್ಕದೆ ಹುಲ್ಲು ಹಳದಿಯಾಗುತ್ತದೆ. ಅವರ ನಾಲ್ಕು ಗುಂಟೆಯಲ್ಲಿ ಹಳದಿ ಬಣ್ಣ ಕಣ್ಣಿಗೆ ಕಾಣುವಷ್ಟು ಇಳಿಯಿತು. ಚರಂಡಿ ಕೆಸರಿನಲ್ಲಿ ಕಬ್ಬಿಣ ಸಾಕಷ್ಟಿರುವುದು ಅದಕ್ಕೆ ಕಾರಣವಿರಬೇಕು. ಆದರೆ ಬಿರುಕು ನಿಲ್ಲಲಿಲ್ಲ. ಒಂದು ಇಂಚು ಕಾಂಪೋಸ್ಟ್ ಎರೆ ನೆಲದ ಸ್ವಭಾವವನ್ನು ಬದಲಿಸುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ.

ಇನ್ನು ಎರಡನೆಯ ಲೋಡು. ಹೊಲದ ಮಣ್ಣನ್ನೇ ಮುಟ್ಟದೆ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒಂದು ಇಂಚಿನಷ್ಟು ಕಾಂಪೋಸ್ಟ್ ಹರಡಿ ಹುಲ್ಲು ಬೆಳೆಯುವ ಪದ್ಧತಿಯೊಂದಿದೆ. ಬೇರು ಕೆಳಗಿಳಿಯಲು ದಾರಿಯಿಲ್ಲದೆ ಅಡ್ಡಡ್ಡ ಹೆಣೆದುಕೊಳ್ಳುವುದರಿಂದ ಹಾಸು ಬೇಗ ಗಟ್ಟಿಯಾಗುತ್ತದೆ, ಎತ್ತುವಾಗ ಕೊಯ್ಯುವ ಕೆಲಸವೂ ಇಲ್ಲ, ಚಾಪೆ ಸುತ್ತಿದಂತೆ ಸುತ್ತಬಹುದು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹೊಲ ಇನ್ನಷ್ಟು ತಗ್ಗಾಗುವುದಿಲ್ಲ. ಈ ಆಸೆಯಿಂದ ನವೆಂಬರ್‌ನಲ್ಲಿ 40 ಕಿಲೋದ ಚೀಲಗಳನ್ನು ತರಿಸಿದೆ. ಇಳಿಸುವಾಗಲೇ ಚೀಲ ಬೆಚ್ಚಗಿದ್ದವು. ಚಳಿಗಾಲದ ಬೆಳಿಗ್ಗೆ ಗೊಬ್ಬರದ ಚೀಲ ಬೆಚ್ಚಗಿದ್ದರೆ ಒಳಗೆ ಕೊಳೆಯುವ ಕೆಲಸ ಇನ್ನೂ ಮುಗಿದಿಲ್ಲವೆಂದೇ ಅರ್ಥ. ಬಾಯಿ ಬಿಚ್ಚಿದರೆ ಬೆಳಗಿನ ಕೊಟ್ಟಿಗೆಯಲ್ಲಿ ಗಂಜಲ ಮೂಗಿಗೆ ಹೊಡೆಯುವ ಅದೇ ಅಮೋನಿಯಾ ಘಾಟು. ಗೊತ್ತಿದ್ದೂ ಹಚ್ಚಿದ್ದು ನನ್ನ ತಪ್ಪು. ಗಿರಾಕಿಗೆ ಜನವರಿಯ ಮಾತು ಕೊಟ್ಟುಬಿಟ್ಟಿದ್ದೆ.

ಹತ್ತು ದಿನಕ್ಕೆ ಹುಲ್ಲಿನ ತುದಿಗಳು ಸುಟ್ಟಂತೆ ಕಂದಾದವು. ಹದಿನೈದನೆಯ ದಿನ ಹಾಳೆಯ ತುಂಬ ಎರಡೆರಡು ಎಲೆಯ ಸಸಿಗಳು ಎದ್ದವು. ಕಸ ತೆಗೆಯಲು ಬಂದ ಅದೇ ಅಕ್ಕ ಒಂದನ್ನು ಕಿತ್ತು ಉಜ್ಜಿ ಮೂಸಿ ನೋಡಿ, “ಹುಲ್ಲ ಹಚ್ಚೀರೇನ್ರೀ, ಟೊಮೆಟೊ ಹಚ್ಚೀರೇನ್ರೀ?” ಎಂದು ಕೇಳಿದರು. ನಗು ಬಂತು, ಆದರೆ ಇದು ನಗುವ ವಿಷಯವಾಗಿರಲಿಲ್ಲ. ಟೊಮೆಟೊ ಬೀಜ ಮನುಷ್ಯನ ಹೊಟ್ಟೆಯನ್ನೂ ದಾಟುತ್ತದೆ, ಶುದ್ಧೀಕರಣ ಘಟಕವನ್ನೂ ದಾಟುತ್ತದೆ. ಸರಿಯಾಗಿ ಕಾಯ್ದ ಬಣವೆಯನ್ನು ಮಾತ್ರ ದಾಟಲಾರದು. ಟೊಮೆಟೊ ಸಸಿ ಎದ್ದಿತೆಂದರೆ ಆ ಗೊಬ್ಬರಕ್ಕೆ ಬೇಕಾದಷ್ಟು ದಿನ ಬೇಕಾದಷ್ಟು ಕಾವು ಸಿಕ್ಕಿಲ್ಲ, ಹಾಗಾದರೆ ಬೀಜದ ಜೊತೆ ಮತ್ತೇನೇನು ಬದುಕಿ ಬಂದಿದೆಯೋ ಎಂಬ ಪ್ರಶ್ನೆ ಏಳುತ್ತದೆ. ಫೋನು ಮಾಡಿದಾಗ ಮೊದಲು ಸಿಕ್ಕ ಉತ್ತರ, “ಟೊಮೆಟೊ ಬಂದ್ರ ಭೂಮಿ ಫಲವತ್ತೈತಿ ಅಂತ ಅರ್ಥರೀ ಸರ್” ಎಂಬುದು. ಮೂರನೆಯ ಫೋನಿಗೆ ಮೇಲಿನವರು ಸಿಕ್ಕು, ಬೇಡಿಕೆ ಹೆಚ್ಚಿದ್ದರಿಂದ ಎರಡು ಬಣವೆಗಳನ್ನು ಬೇಗ ಚೀಲಕ್ಕೆ ತುಂಬಿದ್ದನ್ನು ಒಪ್ಪಿಕೊಂಡರು. ಉಳಿದ ಚೀಲಗಳ ಹಣವನ್ನು ಮುಂದಿನ ಲೋಡಿನಲ್ಲಿ ಮುರಿದುಕೊಂಡರು, ಕೆಟ್ಟ ಹುಲ್ಲಿಗೆ ಏನೂ ಕೊಡಲಿಲ್ಲ. ತಪ್ಪನ್ನು ಒಪ್ಪಿಕೊಂಡದ್ದಕ್ಕೆ ಅವರಿಗೆ ಒಂದು ಅಂಕ, ಮೂರು ಫೋನು ಮಾಡಿಸಿದ್ದಕ್ಕೆ ಆ ಅಂಕವನ್ನು ಹಿಂದಕ್ಕೆ ಪಡೆಯುತ್ತೇನೆ.

ಉಳಿದ ಚೀಲಗಳನ್ನು ಎಸೆಯಲಿಲ್ಲ. ಎಲ್ಲವನ್ನೂ ಸುರಿದು, ಶೇಂಗಾ ಸಿಪ್ಪೆ ಬೆರೆಸಿ, ನೀರು ಚಿಮುಕಿಸಿ ಎದೆಯೆತ್ತರ ಒಟ್ಟಿದೆವು. ಮೂರನೆಯ ದಿನಕ್ಕೆ ಗುಡ್ಡೆಯ ಒಳಗೆ 58 ಡಿಗ್ರಿ ಏರಿತು. ವಾರಕ್ಕೆರಡು ಸಲ ತಿರುವಿ, ಆರು ವಾರ ಬಿಟ್ಟ ಮೇಲೆ ಘಾಟು ಹೋಗಿ ಮಣ್ಣಿನ ವಾಸನೆ ಬಂತು. ಆ ಗೊಬ್ಬರವನ್ನು ಹಾಳೆಯ ಮೇಲೆ ಹರಡಿ, ಹುಲ್ಲು ಹಚ್ಚುವ ಮೊದಲು ಎರಡು ಸಲ ನೀರು ಹಾಯಿಸಿ ಲವಣವನ್ನು ತೊಳೆದೆವು. ತೆಳುವಾದ ಹಾಸಿನಲ್ಲಿ ಬೇರಿಗೆ ಬೇರೆ ಆಸರೆಯಿಲ್ಲದ ಕಾರಣ ಲವಣದ ಹೊಡೆತ ಹೊಲಕ್ಕಿಂತ ಇಲ್ಲಿ ಜೋರು. ಒಂಬತ್ತು ವಾರಗಳಲ್ಲಿ ಹಾಳೆಯ ಮೂಲೆ ಹಿಡಿದು ಎತ್ತಿದಾಗ ಹುಲ್ಲು, ಬೇರು, ಗೊಬ್ಬರ ಮೂರೂ ಕೂಡಿ ಕಂಬಳಿಯಂತೆ ಎದ್ದು ಬಂತು. ವಸ್ತು ಒಳ್ಳೆಯದೇ, ಅವಸರ ಕೆಟ್ಟದ್ದು ಎಂಬ ನನ್ನ ಅಭಿಪ್ರಾಯ ಅಲ್ಲಿಗೆ ಗಟ್ಟಿಯಾಯಿತು. ಆದರೆ ತಯಾರಕರು ಮಾಡಬೇಕಾದ ಆರು ವಾರಗಳ ಕೆಲಸವನ್ನು ನಾನು ಮಾಡಿ, ಚೀಲಕ್ಕೆ ಪೂರ್ತಿ ಬೆಲೆಯನ್ನೂ ಕೊಡುವುದು ನ್ಯಾಯವಲ್ಲ.

ವಾಸನೆ, ಬಿಸಿ, ಟೊಮೆಟೊಗಳನ್ನು ಮೂಗು ಕಣ್ಣುಗಳಿಂದ ಹಿಡಿಯಬಹುದು. ಭಾರ ಲೋಹಗಳನ್ನು ಹಾಗೆ ಹಿಡಿಯಲಾಗದು. ಊರಿನ ಚರಂಡಿಗೆ ಮನೆಯ ನೀರಿನ ಜೊತೆ ಗ್ಯಾರೇಜು, ಬ್ಯಾಟರಿ ಅಂಗಡಿ, ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಗಳ ನೀರೂ ಸೇರಿದರೆ ಅದರಲ್ಲಿನ ಲೋಹ ಕೆಸರಿನಲ್ಲೇ ಕೂರುತ್ತದೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಲೋಹ ಸಾಯುವುದಿಲ್ಲ. ನಮ್ಮ ದೇಶದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಾಂಪೋಸ್ಟ್‌ಗೆ ಕಿಲೋಗೆ ಕ್ಯಾಡ್ಮಿಯಂ 5, ಸೀಸ 100, ನಿಕಲ್ 50, ಕ್ರೋಮಿಯಂ 50, ತಾಮ್ರ 300, ಸತು 1,000 ಮಿಲಿಗ್ರಾಂ ಎಂದು ಮಿತಿ ಹಾಕಿದ್ದವು; ಪಾದರಸಕ್ಕೆ 0.15. ಅಮೆರಿಕದ ನಿಯಮದಲ್ಲಿ ಉತ್ತಮ ದರ್ಜೆಯ ಕೆಸರಿಗೂ ಕ್ಯಾಡ್ಮಿಯಂ 39, ಸೀಸ 300, ಸತು 2,800ರವರೆಗೆ ಅವಕಾಶವಿದೆ. ‘ಅಂತರರಾಷ್ಟ್ರೀಯ ಮಟ್ಟಕ್ಕೆ ಸರಿಯಾಗಿದೆ’ ಎಂದು ಮಾರಾಟಗಾರರು ಹೇಳಿದರೆ ಯಾವ ಮಟ್ಟ ಎಂದು ಕೇಳುವುದು ಇದಕ್ಕೇ. ನನ್ನ ಮೊದಲ ಲೋಡಿನ ಮಾದರಿಯಲ್ಲಿ ಎಲ್ಲವೂ ನಮ್ಮ ಮಿತಿಯ ಒಳಗಿದ್ದವು, ಸತು ಮಾತ್ರ ಅರ್ಧ ದಾರಿ ದಾಟಿತ್ತು. ಮಿತಿಯ ಅಂಚಿನಲ್ಲಿರುವ ಗೊಬ್ಬರವನ್ನು ನನ್ನ ಪ್ರಮಾಣದಲ್ಲಿ ಹಾಕಿದರೆ ಗುಂಟೆಗೆ ಒಂದೂವರೆ ಕಿಲೋ ಸತು ಬೀಳುತ್ತದೆ. ಹೀಗೆ ವರ್ಷಕ್ಕೆರಡು ಸಲ ಹಾಕುತ್ತ ಹೋದರೆ ಹೇಗೆ ಎಂದು ಕೇಳಿದವರಿಗೆ ನನ್ನ ಉತ್ತರ, ಹುಲ್ಲಿನ ಜೊತೆ ಆ ಮಣ್ಣೂ ಹೋಗುತ್ತದಲ್ಲ ಎಂಬುದಾಗಿತ್ತು. ಆಮೇಲೆ ಯೋಚಿಸಿದರೆ ಅದು ಹೋಗುವುದು ಗಿರಾಕಿಯ ಅಂಗಳಕ್ಕೆ. ಆದ್ದರಿಂದ ಈಗ ಪ್ರತಿ ಲೋಡಿಗೂ ಅದೇ ಬಣವೆಯ ವರದಿ ಕೇಳುತ್ತೇನೆ; ಹೋದ ವರ್ಷದ ವರದಿಯ ನಕಲು ತೋರಿಸಿದರೆ ಒಪ್ಪುವುದಿಲ್ಲ.

ಯಾವ ವರದಿಯಲ್ಲೂ ಕಾಣದ ಇನ್ನೊಂದು ಗುಂಪಿದೆ. ಅಂಟದ ತವೆ, ನೀರು ಹೀರದ ಬಟ್ಟೆಗಳಲ್ಲಿ ಬಳಸುವ, ಮಣ್ಣಿನಲ್ಲಿ ಕೊಳೆಯದ ಪಿಎಫ್‌ಎಎಸ್ ರಾಸಾಯನಿಕಗಳು ಚರಂಡಿ ಕೆಸರಿನಲ್ಲೂ ಇರುತ್ತವೆ. ಅವುಗಳ ಕಾರಣಕ್ಕೇ ಅಮೆರಿಕದ ಮೇನ್ ರಾಜ್ಯವು 2022ರಲ್ಲಿ ಇಂಥ ಕೆಸರನ್ನೂ ಅದರ ಕಾಂಪೋಸ್ಟನ್ನೂ ಭೂಮಿಗೆ ಹಾಕುವುದನ್ನು ನಿಷೇಧಿಸಿತು. ಮೇಲೆ ಹೇಳಿದ ನಮ್ಮ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲ. ಈ ಗೊಬ್ಬರವನ್ನು ಹೊಗಳುತ್ತಿರುವ ನಾನೇ ಅದನ್ನು ಬಾವಿಯ ಸುತ್ತಲಿನ ಎರಡು ಗುಂಟೆಗೆ ಹಾಕಿಲ್ಲ.

ಕೈಗವಸು, ಗಂಬೂಟುಗಳ ಖರ್ಚನ್ನು ಗೊಬ್ಬರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು. ಬರಿಗಾಲಲ್ಲಿ ತಿಪ್ಪೆ ತುಳಿದು ರೂಢಿಯಾದವರಿಗೆ ಇದು ಬೇರೆ ವಸ್ತು ಎಂದು ತಿಳಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಒಣಗಿದಾಗ ಸಣ್ಣ ಧೂಳೇಳುವುದರಿಂದ ಹರಡುವ ಮುನ್ನ ನೀರು ಚಿಮುಕಿಸಬೇಕು.

ಗಿರಾಕಿಗಳಿಗೆ ಹೇಳುವುದೋ ಬಿಡುವುದೋ ಎಂಬ ಪ್ರಶ್ನೆಗೆ ನಾನು ಹೇಳುವುದೆಂದೇ ತೀರ್ಮಾನಿಸಿದ್ದೇನೆ. ಹತ್ತರಲ್ಲಿ ಇಬ್ಬರು ಹಿಂದೆ ಸರಿಯುತ್ತಾರೆ, ಉಳಿದವರು ದರ ಕೇಳುತ್ತಾರೆ. ಹುಬ್ಬಳ್ಳಿಯ ಹೊಸ ಬಡಾವಣೆಯೊಂದರಲ್ಲಿ ಚೌತಿಯ ನಂತರ ಹಾಸಲು ಒಪ್ಪಿದ್ದ ಹುಲ್ಲಿನ ಮಾದರಿ ತೋರಿಸಲು ಹಬ್ಬದ ಹಿಂದಿನ ದಿನ ಹೋಗಿದ್ದಾಗ, ಆ ಮನೆಯ ಹಿರಿಯ ಅವ್ವನವರು ತುಂಡನ್ನು ಸವರಿ ನೋಡಿ, “ಇದು ನಮ್ಮ ಕರಿಕೀನ ಅಲ್ಲೇನಪಾ? ನಾಳೆ ಗಣಪ್ಪಗ ಏರಸಾಕ ಇಪ್ಪತ್ತೊಂದು ಎಸಳ ತಗೋತೀನಿ” ಎಂದರು. ಬರ್ಮುಡಾ ಎಂದು ನಾವು ಮಾರುವುದು ಕರಿಕೆಯ ಕುಲದ್ದೇ. ಮುಚ್ಚಿಡಲು ಮನಸ್ಸಾಗದೆ ಗೊಬ್ಬರದ ವಿಷಯ ಹೇಳಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕಳ ಸಗಣಿ ಆಗಿದ್ರ ಏನೂ ಅಂತಿದ್ದಿಲ್ಲ, ಇದು ಊರ ಮಂದೀದು” ಎಂದು ಹೇಳಿ, ಮೊಮ್ಮಗನನ್ನು ಖಾಲಿ ಸೈಟಿನ ಬದುವಿಗೆ ಕಳುಹಿಸಿದರು. ಹುಲ್ಲಿನ ಆರ್ಡರನ್ನು ಮಾತ್ರ ರದ್ದು ಮಾಡಲಿಲ್ಲ. ಎರಡು ಚೀಲ ಗೊಬ್ಬರವನ್ನು ಮೆಂತ್ಯೆ, ಮೂಲಂಗಿ ಮಡಿಗೆ ಕೊಡಿ ಎಂದು ಕೇಳುವವರಿಗೆ ನಾನು ಕೊಡುವುದಿಲ್ಲ. ಹಸಿಯಾಗಿ ತಿನ್ನುವ ಬೆಳೆಗೆ ಎರೆಹುಳು ಗೊಬ್ಬರ ಒಯ್ಯಿರಿ ಎನ್ನುತ್ತೇನೆ.

ದರದ ಮಟ್ಟಿಗೆ ಬಿಡಿ ಗೊಬ್ಬರ ನನ್ನ ಹೊಲಕ್ಕೆ ಬಂದು ಬೀಳುವಾಗ ಕಿಲೋಗೆ 2 ರೂಪಾಯಿ 20 ಪೈಸೆ ಆಯಿತು, ಚೀಲದ್ದು ಅದರ ಎರಡು ಪಟ್ಟು. ಬಿಡಿಯಾಗಿ ಕೊಂಡರೆ ತಿಪ್ಪೆಗೊಬ್ಬರಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು, ಚೀಲದಲ್ಲಿ ಕೊಂಡರೆ ಹುಲ್ಲಿನ ಲಾಭವನ್ನೆಲ್ಲ ಅದೇ ತಿನ್ನುತ್ತದೆ. ಕನಿಷ್ಠ ಒಂದು ಟಿಪ್ಪರ್ ಬೇಕಿಲ್ಲದವರು, ಅಂದರೆ ಮನೆಯ ಮುಂದೆ ಇನ್ನೂರು ಚದರ ಅಡಿ ಲಾನ್ ಇರುವವರು, ಇದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಈ ವರ್ಷದ ಲೋಡನ್ನು ಮುಂಗಾರಿಗೆ ಕಾಯದೆ ಫೆಬ್ರುವರಿಯಲ್ಲೇ ಬಿಡಿಯಾಗಿ ತರಿಸಿ ಬೇವಿನ ಮರದ ಕೆಳಗೆ ಒಟ್ಟಿಸಿದ್ದೇನೆ. ಬಣವೆಯ ಸಂಖ್ಯೆ, ತಿರುವಿದ ದಿನಾಂಕಗಳು, ಲೋಹಗಳ ವರದಿ ಮೂರನ್ನೂ ಈ ಸಲ ಕೇಳುವ ಮೊದಲೇ ಕಳುಹಿಸಿದರು. ಗುಡ್ಡೆಯ ಒಳಗಿನ ಕಾವು ಹೊರಗಿನ ಬಿಸಿಲಿಗಿಂತ ಹೆಚ್ಚಿಲ್ಲ. ಗುಡ್ಡೆಯ ನಾಲ್ಕು ಕಡೆಯಿಂದ ತೆಗೆದ ಗೊಬ್ಬರವನ್ನು ನಾಲ್ಕು ಕುಂಡಗಳಿಗೆ ತುಂಬಿ, ಒಂದೊಂದರಲ್ಲಿ ಇಪ್ಪತ್ತು ಮೂಲಂಗಿ ಬೀಜ ಹಾಕಿ ದಿನಾ ನೀರು ಹನಿಸುತ್ತಿದ್ದೇನೆ. ಮೂರು ವಾರಗಳಾದವು, ಇದುವರೆಗೆ ಎಲ್ಲ ಕುಂಡಗಳಲ್ಲಿಯೂ ಮೂಲಂಗಿಯೊಂದೇ ಹುಟ್ಟಿದೆ.